ಶಂಖದ ಹುಳು ಮುಂದೆ ಎಲ್ಲಿಗೆ?

ನಮ್ಮ ತೋಟಗಳನ್ನು ಕಾಡುವ ದೈತ್ಯ ಆಫ್ರಿಕನ್ ಶಂಖದ ಹುಳು ತಾನಾಗಿ ತೆವಳಿಕೊಂಡು ಬಂದದ್ದಲ್ಲ. ಅದರ ಮೂಲ ಪೂರ್ವ ಆಫ್ರಿಕಾ. 1847ರಲ್ಲಿ ಚಿಪ್ಪುಜೀವಿಗಳ ಬಗ್ಗೆ ಅಪಾರ ಆಸಕ್ತಿಯಿದ್ದ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ಜೀವಂತ ಹುಳುಗಳನ್ನು ಕಲ್ಕತ್ತಕ್ಕೆ ತಂದ. ಅವು ಚೌರಂಗಿಯ ತೋಟವೊಂದನ್ನು ಸೇರಿದವು. ಇಂದು ದೇಶದ ಬಹುಭಾಗದಲ್ಲಿ ಅವುಗಳ ಸಂತತಿ ಇದೆ.

ಇಷ್ಟು ಬೇಗ ಹಬ್ಬಿದ್ದಕ್ಕೆ ಕಾರಣ ಅದರ ದೇಹದಲ್ಲೇ ಇದೆ. ಪ್ರತಿ ಹುಳುವಿನಲ್ಲೂ ಗಂಡು, ಹೆಣ್ಣು ಎರಡೂ ಅಂಗಗಳಿರುತ್ತವೆ. ಒಂದೇ ಸಲಕ್ಕೆ ನೂರಾರು ಮೊಟ್ಟೆ. ಮೇಲ್ಮಣ್ಣು ಕೆದಕಿದರೆ ಸಬ್ಬಕ್ಕಿಯಂಥ ಕೆನೆಬಣ್ಣದ ಗುಂಪು ಕಾಣುತ್ತದೆ. ಬೇಸಿಗೆ ಬಂದರೆ ಚಿಪ್ಪಿನ ಬಾಯಿಗೆ ತೆಳು ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿಬಿಡುತ್ತದೆ. ಮಳೆ ಬಿದ್ದ ರಾತ್ರಿಯೇ ಎದ್ದು ಪಪ್ಪಾಯಿ ಸಸಿಯ ತೊಗಟೆ ಕೆರೆಯುತ್ತದೆ, ಬಾಳೆ, ತರಕಾರಿ, ವೀಳ್ಯದೆಲೆ ಯಾವುದನ್ನೂ ಬಿಡುವುದಿಲ್ಲ.

ಹವಾಮಾನ ಬದಲಾದರೆ ಇದು ಎಲ್ಲಿಗೆ ಹೋದೀತು? ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆ ಎತ್ತಿಕೊಂಡಿತ್ತು. ಹುಳು ಸಿಕ್ಕ ಜಾಗಗಳ ಉಷ್ಣಾಂಶ, ಮಳೆಯ ಲೆಕ್ಕ ಕಲೆಹಾಕಿ, ಅದಕ್ಕೆ ಒಗ್ಗುವ ಹವೆ ಬೇರೆಲ್ಲಿದೆ ಎಂದು ಕಂಪ್ಯೂಟರ್‌ನಲ್ಲಿ ಹುಡುಕುವುದು, ಬಳಿಕ ಮುಂದಿನ ದಶಕಗಳ ಅಂದಾಜು ಹವಾಮಾನಕ್ಕೂ ಅದೇ ಲೆಕ್ಕ ಹಾಕುವುದು ಅದರ ವಿಧಾನ. ಒಟ್ಟು ವ್ಯಾಪ್ತಿ ಹೆಚ್ಚೇನೂ ಬದಲಾಗದು ಎಂಬುದು ಸಿಕ್ಕ ಉತ್ತರ. ಬಿಸಿಲು ಹೆಚ್ಚು, ಮಳೆ ಕಡಿಮೆ ಇರುವ ಮಧ್ಯಭಾರತಕ್ಕೆ ಅಪಾಯ ಕಡಿಮೆ. ಆದರೆ ಈಗಾಗಲೇ ಹುಳು ಇರುವ ಕೆಲವೆಡೆ ಕಾಟ ಇನ್ನಷ್ಟು ಬಿಗಡಾಯಿಸಬಹುದು. ಆ ಪಟ್ಟಿಯಲ್ಲಿ ಬಿಹಾರ, ಗುಜರಾತ್, ಅಸ್ಸಾಂಗಳ ಭಾಗಗಳ ಜೊತೆ ದಕ್ಷಿಣ ಕರ್ನಾಟಕವೂ ಇದೆ. ನನ್ನನ್ನು ಕಂಗೆಡಿಸಿದ್ದು ಈ ಸಾಲೇ.

ಇಂಥ ನಕ್ಷೆ ಹೇಳುವುದು ಹುಳು ಎಲ್ಲಿ ಬದುಕಬಲ್ಲದು ಎಂದಷ್ಟೇ. ಅಲ್ಲಿಗೆ ಅದನ್ನು ಮುಟ್ಟಿಸುವವರು ನಾವು. ನರ್ಸರಿ ಸಸಿಯ ಮಣ್ಣು, ಗೊಬ್ಬರದ ಲಾರಿ, ಮರದ ದಿಮ್ಮಿ ಯಾವುದರಲ್ಲಾದರೂ ಮೊಟ್ಟೆ ಸಾಗುತ್ತದೆ. ಸಾಲದ್ದಕ್ಕೆ, ಒಣಸೀಮೆಯಲ್ಲೂ ಹನಿ ನೀರಾವರಿ ತೋಟ ಅದಕ್ಕೆ ಬೇಕಾದ ತಂಪು ಒದಗಿಸುತ್ತದೆ.

ಒಮ್ಮೆ ನೆಲೆಯೂರಿದರೆ ಕೀಳುವುದು ಎಷ್ಟು ಕಷ್ಟ ಎಂಬುದಕ್ಕೆ ಅಮೆರಿಕದ ಫ್ಲೋರಿಡಾ ಸಾಕ್ಷಿ. 1966ರಲ್ಲಿ ಹುಡುಗನೊಬ್ಬ ತಂದ ಮೂರು ಹುಳುಗಳಿಂದ ಶುರುವಾದ ಕಾಟ ನಿಂತದ್ದು 1975ಕ್ಕೆ. 2011ರಲ್ಲಿ ಮತ್ತೆ ಕಂಡಿತು. 2021ರಲ್ಲಿ ನಿರ್ಮೂಲವಾಯಿತು ಎಂದು ಘೋಷಿಸಿದ ಮರುವರ್ಷವೇ ಮತ್ತೆ ಸಿಕ್ಕಿತು.

ನಮ್ಮ ಕೈಯಲ್ಲಿರುವ ಕಾಲ ಮುಂಗಾರಿನ ಆರಂಭದ ವಾರಗಳು. ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಇಟ್ಟರೆ ಹುಳುಗಳು ಬಂದು ಸೇರುತ್ತವೆ. ಬೆಳಗ್ಗೆ ಆರಿಸಿ ಉಪ್ಪುನೀರಿಗೆ ಹಾಕಬೇಕು. ಮಿದುಳುಪೊರೆಯ ಉರಿಯೂತ ತರಬಲ್ಲ ಪರಾವಲಂಬಿ ಹುಳುಗಳು ಶಂಖದ ಹುಳುವಿನಲ್ಲಿ ಇರಬಹುದಾದ್ದರಿಂದ ಅದನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಮಕ್ಕಳನ್ನಂತೂ ಹತ್ತಿರಕ್ಕೂ ಬಿಡಬೇಡಿ.