ಆವ್‌ಗ್ಯಾಸ್ ಖಾಲಿಯಾದರೆ ಕಾರಿನ ಪೆಟ್ರೋಲ್ ಹಾಕಬಹುದಾ?

ಪ್ರಶ್ನೆ: ಎರಡು ವಾರದಿಂದ ಏರ್‌ಫೀಲ್ಡ್‌ನಲ್ಲಿ ಆವ್‌ಗ್ಯಾಸ್ (ಪಿಸ್ಟನ್ ವಿಮಾನಗಳ ಪೆಟ್ರೋಲ್) ಇಲ್ಲ. ನಮ್ಮದು ಚಿಕ್ಕ ಪಿಸ್ಟನ್ ವಿಮಾನ. ಬಂಕ್‌ನಿಂದ ಪೆಟ್ರೋಲ್ ತಂದು ಹಾಕಿದರೆ ಏನಾಗುತ್ತದೆ?

ಉತ್ತರ: ಕೆಲವು ವಿಮಾನಗಳಿಗೆ ಏನೂ ಆಗುವುದಿಲ್ಲ. ಇನ್ನು ಕೆಲವಕ್ಕೆ ನೆಲದ ಮೇಲಿರುವಷ್ಟು ಹೊತ್ತು ಏನೂ ಆಗುವುದಿಲ್ಲ. ನಿಮ್ಮದು ಯಾವ ಜಾತಿ ಅಂತ ವಿಮಾನದ ಕಾಗದಪತ್ರ ಹೇಳಬೇಕು, ಪಕ್ಕದ ಹ್ಯಾಂಗರ್‌ನವರಲ್ಲ.

ಹಗುರ ವಿಮಾನಗಳಲ್ಲಿರುವ ರೋಟಾಕ್ಸ್ 912 ಎಂಜಿನ್‌ಗೆ ಕಾರಿನ ಪೆಟ್ರೋಲ್ ಒಗ್ಗುತ್ತದೆ. ಕಂಪ್ರೆಷನ್ ಕಡಿಮೆ ಇರುವ ಹಳೆಯ ಸೆಸ್ನಾ 150ಕ್ಕೆ ಅಮೆರಿಕದಲ್ಲಿ 1982ರಲ್ಲೇ ಇದಕ್ಕೆ ಅನುಮತಿ ಸಿಕ್ಕಿತ್ತು. 100 ಆಕ್ಟೇನ್ (ಇಂಧನ ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಕೇಳುವ ಟರ್ಬೊ ಎಂಜಿನ್‌ಗಳಿಗೆ ಮಾತ್ರ ಬೇಡವೇ ಬೇಡ. ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಇಂಧನ ತಾನಾಗಿಯೇ ಸಿಡಿಯುವುದು, ಶುರುವಾದರೆ ಪಿಸ್ಟನ್ನೇ ತೂತಾಗಬಹುದು.

ಎಲ್ಲರೂ ಆಕ್ಟೇನ್ ಬಗ್ಗೆ ಮಾತಾಡುತ್ತಾರೆ. ನನ್ನ ಕೇಳಿದರೆ ದೊಡ್ಡ ತಲೆನೋವು ಬಂಕ್ ಪೆಟ್ರೋಲ್‌ಗೆ ಬೆರೆಸುವ ಎಥನಾಲ್. ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ. ಮೇಲೆ ಹಾರುವಾಗ ಚಳಿಗೆ ನೀರು, ಎಥನಾಲ್ ಎರಡೂ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯಬಹುದು. ಎಂಜಿನ್‌ಗೆ ಪೈಪ್ ಹೋಗುವುದೂ ತಳದಿಂದಲೇ ಅಲ್ವಾ?

ಪರೀಕ್ಷೆ ಸುಲಭ. ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರು ಹಾಕಿ, ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮೇಲೆ ಪೆಟ್ರೋಲ್ ಸುರಿದು, ಬಾಯಿ ಮುಚ್ಚಿ ಅಲ್ಲಾಡಿಸಿ, ಹಾಗೇ ಬಿಡಿ. ನೀರು ಗೆರೆ ದಾಟಿ ಮೇಲೆ ಬಂತೇ? ಎಥನಾಲ್ ಇದೆ. ಅದು ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರಿಕೊಂಡಿದೆ. ಇನ್ನೊಂದು ವಿಷಯ: ಕಾರಿನ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಬಿಸಿಲಲ್ಲಿ ಪೈಪಿನೊಳಗೆ ಆವಿ ಕಟ್ಟಿದರೆ ಎಂಜಿನ್ ಸುಮ್ನೆ ನಿಂತುಬಿಡಬಹುದು.

ಅನುಮತಿ ಇಲ್ಲದಿದ್ದರೆ ಇರುವ ಆವ್‌ಗ್ಯಾಸನ್ನೇ ಉಳಿಸಿ ಉಳಿಸಿ ಬಳಸಬೇಕು. ಸೆಸ್ನಾ 172 ಗಂಟೆಗೆ 30 ಲೀಟರ್ ಮೇಲೇ ಕುಡಿಯುತ್ತದೆ. ಪವರ್ ಇಳಿಸಿ, ಕೈಪಿಡಿ ಹೇಳಿದಂತೆ ಮಿಕ್ಸ್ಚರ್ (ಗಾಳಿ-ಇಂಧನದ ಮಿಶ್ರಣ) ತೆಳು ಮಾಡಿದರೆ ಅದೇ ದೂರಕ್ಕೆ ಕಡಿಮೆ ಸಾಕು, ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ. ಹೋಗುವ ಕಡೆಗೆ ಅದೇ ದಿನ ಬೆಳಿಗ್ಗೆ ಫೋನ್ ಮಾಡಿ. 'ಆವ್‌ಗ್ಯಾಸ್ ಇದೆಯಾ' ಅಂತಲ್ಲ, 'ಹೊರಗಿನವರಿಗೆ ಕೊಡ್ತೀರಾ' ಅಂತ ಕೇಳಿ. ಕೊಡುವುದಿಲ್ಲ ಅಂದರೆ ವಾಪಸ್ ಬರುವುದಕ್ಕೂ ಸೇರಿಸಿ ಇಲ್ಲಿಂದಲೇ ಹೊತ್ತೊಯ್ಯಬೇಕು. ಆಗ ತೂಕದ ಲೆಕ್ಕ ಮತ್ತೆ ಹಾಕಿ. ಲೀಟರಿಗೆ ಸುಮಾರು 0.72 ಕಿಲೊ.

ಕೊರತೆಯ ದಿನಗಳಲ್ಲಿ ಯಾವುದೋ ಬೌಸರ್‌ನಿಂದ (ಇಂಧನದ ಟ್ಯಾಂಕರ್), ಯಾವುದೋ ಡ್ರಮ್‌ನಿಂದ ತುಂಬಿಸಿಕೊಳ್ಳುವ ಪ್ರಸಂಗ ಬರುತ್ತದೆ. 100ಎಲ್‌ಎಲ್, ಅಂದರೆ ಸಾಮಾನ್ಯವಾಗಿ ಸಿಗುವ ಆವ್‌ಗ್ಯಾಸ್, ನೀಲಿ ಬಣ್ಣದ್ದು. ಸಂಶಯ ಬಂದರೆ ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಡಿ. ಆವ್‌ಗ್ಯಾಸ್ ಆರಿಹೋಗುತ್ತದೆ. ಜಿಡ್ಡಿನ ಉಂಗುರ ಉಳಿದರೆ ಅದರಲ್ಲಿ ಜೆಟ್ ಇಂಧನ ಸೇರಿದೆ, ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.