ಮೆಕ್ಕೆಜೋಳದ ರಾಶಿ ಮತ್ತು ಮಾವನ ಫೋನು

ದಾವಣಗೆರೆಯ ನಮ್ಮ ಸೋದರಮಾವ ಮೆಕ್ಕೆಜೋಳದ ವ್ಯಾಪಾರಿ. ಅವರ ಫೋನಿನ ಮಾಡೆಲನ್ನು ಕಂಪನಿ ವಾಪಸ್ ಕರೆದು ಐದು ತಿಂಗಳಾಗಿತ್ತು. ಬ್ಯಾಟರಿಯಲ್ಲಿ ದೋಷ ಇದೆ, ಬಳಸಬೇಡಿ, ತಂದುಕೊಟ್ಟರೆ ಬೇರೆ ಫೋನ್ ಕೊಡುತ್ತೇವೆ ಅಂತ ಮೆಸೇಜೂ ಬಂದಿತ್ತು. ಮಾವ ಕೊಟ್ಟಿರಲಿಲ್ಲ. ಕೇಳಿದರೆ, "ಎರಡು ವರ್ಷ ಆತು, ಒಂದಿನ ಬಿಸಿ ಸೈತ ಆಗಿಲ್ಲ. ಈಗೇನಾಗ್ತತಿ ಬಿಡಪ್ಪ" ಅಂದರು. ರಾತ್ರಿ ಚಾರ್ಜಿಗೆ ಹಾಕಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದರು.

ಇಷ್ಟು ದಿನ ಏನೂ ಆಗಿಲ್ಲ, ಹಾಗಾಗಿ ಮುಂದೂ ಆಗಲ್ಲ. ಎಷ್ಟು ಮನೆಯಲ್ಲಿ ಈ ಮಾತು ಕೇಳಿದ್ದೇನೋ ಲೆಕ್ಕವಿಲ್ಲ. ಬ್ಯಾಟರಿಯ ವಿಷಯದಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗು.

ಬ್ಯಾಟರಿಯೊಳಗೆ ಎರಡು ಉದ್ದನೆಯ ಪಟ್ಟಿಗಳನ್ನು ಚಾಪೆ ಸುತ್ತಿದ ಹಾಗೆ ಸುತ್ತಿಟ್ಟಿರುತ್ತಾರೆ. ಒಂದು, ತಾಮ್ರದ ಹಾಳೆಗೆ ಗ್ರಾಫೈಟ್ ಬಳಿದದ್ದು. ಇನ್ನೊಂದು, ಅಲ್ಯೂಮಿನಿಯಂ ಹಾಳೆಗೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಿದದ್ದು. ಇವೆರಡೂ ಒಂದಕ್ಕೊಂದು ತಾಗಲೇಬಾರದು. ನಡುವೆ ಒಂದು ಪ್ಲಾಸ್ಟಿಕ್ ಪರೆ ಇರುತ್ತದೆ, ಸೆಪರೇಟರ್ ಅಂತಾರೆ. ಇಡೀ ಫೋನಿನಲ್ಲಿ ನನಗೆ ಬಲು ಇಷ್ಟವಾದ ಭಾಗ ಇದೇ. ದಪ್ಪ ಬರೀ 10ರಿಂದ 20 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಅಂಥ ಐದಾರು ಪರೆ ಒಂದರ ಮೇಲೊಂದು ಇಟ್ಟರೆ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಆಗುತ್ತದೆ, ಅಷ್ಟೇ! ಅದು ಜರಡಿಯ ಹಾಗೆ ಲಿಥಿಯಂ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಲಿಥಿಯಂ ಕಣಗಳನ್ನು, ಆಚೀಚೆ ಬಿಡಬೇಕು. ಗೋಡೆಯ ಹಾಗೆ ಪಟ್ಟಿಗಳನ್ನು ದೂರ ಇಡಬೇಕು. ಜರಡಿಯೂ ಗೋಡೆಯೂ ಒಂದೇ ಆಗಿರುವ ವಸ್ತು ಇದು.

ಚಿತ್ರದುರ್ಗದ ಕೋಟೆಗೆ ಏಳು ಸುತ್ತು. ಹೈದರಾಲಿಯ ಸೈನಿಕರು ಒಳನುಗ್ಗಲು ಅದನ್ನು ಒಡೆಯಬೇಕಿರಲಿಲ್ಲ, ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ ಸಾಕಿತ್ತು. ಸೆಪರೇಟರಿನಲ್ಲಿ ಕಿಂಡಿ ಬಿದ್ದರೆ ಒನಕೆ ಹಿಡಿದು ನಿಲ್ಲಲು ಅಲ್ಲಿ ಓಬವ್ವ ಇಲ್ಲ.

ಕಿಂಡಿ ಹೇಗೆ ಬೀಳುತ್ತದೆ? ಚಾರ್ಜ್ ಮಾಡಿದಾಗೆಲ್ಲ ಗ್ರಾಫೈಟ್ ನೂರಕ್ಕೆ ಹತ್ತರಷ್ಟು ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಉಸಿರಾಡುವ ಎದೆಯ ಹಾಗೆ. ತಯಾರಿಸುವಾಗ ಎಲ್ಲೋ ಒಂದು ಲೋಹದ ಮುಳ್ಳು ಉಳಿದಿದ್ದರೆ, ಒಂದು ಅಂಚು ಮಡಚಿಕೊಂಡಿದ್ದರೆ, ಪ್ರತಿ ಉಸಿರಿಗೂ ಅದು ಪರೆಯನ್ನು ಒತ್ತುತ್ತದೆ. ಬಾವಿಯ ಹಗ್ಗ ಕಲ್ಲಿನಂಚಿಗೆ ಉಜ್ಜಿ ಉಜ್ಜಿ ಎಳೆ ಎಳೆಯಾಗಿ ಸವೆಯುತ್ತದಲ್ಲ, ಹಾಗೆ. ನಿನ್ನೆಯವರೆಗೂ ಕೊಡ ಮೇಲೆ ಬಂತು ಅಂದ ಮಾತ್ರಕ್ಕೆ ಹಗ್ಗ ಗಟ್ಟಿ ಇದೆ ಅಂತಲ್ಲ. ದೋಷ ಇರುವ ಫೋನು ಎರಡು ವರ್ಷ ಸುಮ್ನೆ ಇತ್ತು ಅಂದರೆ ಎರಡು ವರ್ಷ ಉಜ್ಜಿದೆ ಅಂತ ಅರ್ಥ.

ಇದು ಕಲ್ಪನೆಯಲ್ಲ. 2016ರ ಆಗಸ್ಟ್ 19ಕ್ಕೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಮಾರಾಟಕ್ಕೆ ಬಂತು. ಸೆಪ್ಟೆಂಬರ್ 2ಕ್ಕೆ ಕಂಪನಿ 25 ಲಕ್ಷ ಫೋನುಗಳನ್ನು ವಾಪಸ್ ಕರೆಯಿತು. ನಮ್ಮ ದೇಶದಲ್ಲಿ ಅದೇ ದಿನ ಶುರುವಾಗಬೇಕಿದ್ದ ಮಾರಾಟ ನಿಂತೇಹೋಯಿತು. ಬೇರೆ ಕಡೆ ತಯಾರಾದ ಬ್ಯಾಟರಿ ಹಾಕಿ ಬದಲಿ ಫೋನು ಕೊಟ್ಟರು, ಅವೂ ಹೊತ್ತಿಕೊಂಡವು. ಅಕ್ಟೋಬರ್ 5ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಹೊರಡಲು ನಿಂತಿದ್ದ ವಿಮಾನದೊಳಗೆ ಒಂದು ಬದಲಿ ಫೋನು ಹೊಗೆಯಾಡಿ, ಎಲ್ಲರನ್ನೂ ಕೆಳಗಿಳಿಸಬೇಕಾಯಿತು. ಅದೇ ತಿಂಗಳು ತಯಾರಿಕೆಯೇ ನಿಂತಿತು. 2017ರ ಜನವರಿಯಲ್ಲಿ ಕಾರಣ ಹೊರಬಂತು. ಮೊದಲ ಬ್ಯಾಟರಿಯಲ್ಲಿ ಮೂಲೆಯ ಜಾಗ ಸಾಲದೆ ಪಟ್ಟಿ ಬಾಗಿತ್ತು. ಎರಡನೆಯದರಲ್ಲಿ ವೆಲ್ಡಿಂಗಿನ ಮುಳ್ಳು ಪರೆಯನ್ನು ಚುಚ್ಚಿತ್ತು.

ಮೊದಲು ವಾಪಸ್ ಕರೆದಾಗ ಕಂಪನಿ ಕೊಟ್ಟ ಲೆಕ್ಕ: 35 ಪ್ರಕರಣ, 10 ಲಕ್ಷ ಫೋನಿಗೆ 24. ಇಷ್ಟು ಕಡಿಮೆಯಾ ಅಂತ ಎಷ್ಟೋ ಜನ ಫೋನು ಕೊಡದೆ ಉಳಿಸಿಕೊಂಡರು. ಆದರೆ ಆ 24 ಬರೀ ಮೊದಲ ಎರಡು ವಾರದ್ದು. ಫೋನು ಇಟ್ಟುಕೊಳ್ಳುವುದು ಮೂರ್ನಾಲ್ಕು ವರ್ಷ. ಅದು ಹತ್ತುವುದು ಬಸ್ಸಿನಲ್ಲೋ ಮಗು ಮಲಗಿದ ಹಾಸಿಗೆಯಲ್ಲೋ, ಆ ಪಾಲಿನ ಅಪಾಯವನ್ನು ಪಕ್ಕದಲ್ಲಿದ್ದವರು ಕೇಳಿ ತಗೊಂಡಿರುವುದಿಲ್ಲ.

2007ರ ಆಗಸ್ಟ್ ನೆನಪಿದೆಯಾ? ನೋಕಿಯಾದ ಬಿಎಲ್-5ಸಿ ಬ್ಯಾಟರಿ, 4 ಕೋಟಿ 60 ಲಕ್ಷ, ದೋಷ ಇರಬಹುದು, ಬದಲಿಸಿಕೊಡುತ್ತೇವೆ ಅಂತ ಕಂಪನಿ ಹೇಳಿತ್ತು. ಆಗ ಬ್ಯಾಟರಿ ಒಂದನ್ನೇ ತೆಗೆದು ಬದಲಿಸಬಹುದಿತ್ತು. ಈಗ ಅಂಟು ಹಾಕಿ ಕೂರಿಸುತ್ತಾರೆ. ಅದಕ್ಕೇ ಇಡೀ ಫೋನು ಕೊಡಬೇಕು.

ಕಿಂಡಿ ಬಿದ್ದ ಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಮಾವನಿಗೆ ಅವರ ಗೋಡೌನಿನಲ್ಲೇ ಹೇಳಿದೆ. ಹಸಿ ಮೆಕ್ಕೆಜೋಳ ರಾಶಿ ಹಾಕಿದರೆ ಒಳಗೆ ಕಾವು ಏಳುತ್ತದೆ. ತೇವ ಇರುವ ಕಾಳು ಉಸಿರಾಡುತ್ತದೆ, ಬೂಸ್ಟು ಬೆಳೆಯುತ್ತದೆ, ಎರಡರಿಂದಲೂ ಶಾಖ. ಹೊರಗಿನ ಶಾಖ ಗಾಳಿಗೆ ಹೋಗುತ್ತದೆ, ನಡುವಿನದಕ್ಕೆ ದಾರಿ ಇಲ್ಲ. ಕಾವು ಏರಿದಷ್ಟೂ ಬೂಸ್ಟು ಜೋರಾಗುತ್ತದೆ, ಜೋರಾದಷ್ಟೂ ಕಾವು ಏರುತ್ತದೆ.

ಬ್ಯಾಟರಿಯಲ್ಲೂ ಇದೇ, ಆದರೆ ದಿನಗಳಲ್ಲಲ್ಲ, ಸೆಕೆಂಡುಗಳಲ್ಲಿ. ಎರಡು ಪಟ್ಟಿ ತಾಗಿದ ಜಾಗ ಕಾಯುತ್ತದೆ. 80ರಿಂದ 120 ಡಿಗ್ರಿಯಲ್ಲಿ ಗ್ರಾಫೈಟ್ ಮೇಲಿನ ರಕ್ಷಣೆಯ ಪದರ ಒಡೆದು ಇನ್ನಷ್ಟು ಶಾಖ ಬಿಡುತ್ತದೆ. 130ರ ಆಸುಪಾಸಿನಲ್ಲಿ ಪಾಲಿಎಥಿಲೀನ್ ಪರೆ ಕರಗುತ್ತದೆ. ಕಿಂಡಿ ಹೋಗಿ ಹೆಬ್ಬಾಗಿಲೇ ತೆರೆಯಿತು! 200 ದಾಟುವ ಹೊತ್ತಿಗೆ ಕೋಬಾಲ್ಟ್ ಆಕ್ಸೈಡ್ ತನ್ನೊಳಗಿನ ಆಮ್ಲಜನಕ ಬಿಡುತ್ತದೆ. ಬೆಂಕಿಗೆ ಬೇಕಾದ ಗಾಳಿ ಒಳಗೇ ಹುಟ್ಟುತ್ತದೆ, ಹಾಗಾಗಿ ಗೋಣಿಚೀಲ ಮುಚ್ಚಿದರೆ ಆರುವುದಿಲ್ಲ. ಜಾಸ್ತಿ ನೀರು ಸುರಿದು ತಣಿಸಬೇಕು. ನೋಟ್ 7ರ ಬ್ಯಾಟರಿಯಲ್ಲಿ ತುಂಬಿದ್ದ ವಿದ್ಯುತ್ತು ಒಂದು ಲೋಟ ನೀರು ಕುದಿಸುವಷ್ಟು. ಅಷ್ಟೂ ಕೆಲವೇ ಸೆಕೆಂಡಿನಲ್ಲಿ, ಜೊತೆಗೆ ಒಳಗಿನ ದ್ರಾವಣ ಉರಿದ ಶಾಖ ಬೇರೆ.

ಊದಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ಬಿಡುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ಕಿಂಡಿಯನ್ನು ಕೈಯಾರೆ ಕೊರೆದ ಹಾಗೆ ಅದು. ಇನ್ನು ಫ್ರಿಜ್ಜಿನಲ್ಲಿ ಇಡುವುದು, ಗ್ರಹಣದ ದಿನ ಚಾರ್ಜ್ ಮಾಡದಿರುವುದು, ಇವಕ್ಕೂ ಮುಳ್ಳಿಗೂ ಸಂಬಂಧವೇ ಇಲ್ಲ. ಅರ್ಧ ಚಾರ್ಜ್ ಮಾಡಿ ಬಳಸಿದರೆ? ಶಕ್ತಿ ಕಡಿಮೆ ಇದ್ದಷ್ಟು ಅಪಾಯ ಕಡಿಮೆ, ನಿಜ. ನೋಟ್ 7ಕ್ಕೂ ಶೇಕಡಾ 60ರ ಮಿತಿ ಹಾಕಿ ನೋಡಿದ್ದರು. ಆದರೆ ಮುಳ್ಳು ಅಲ್ಲೇ ಇರುತ್ತದಲ್ವಾ. ಕೊನೆಗೆ ಚಾರ್ಜೇ ಆಗದ ಹಾಗೆ ಮಾಡಬೇಕಾಯಿತು.

ಮಾವ ಎಲ್ಲವನ್ನೂ ಕೇಳಿದರು. ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಲೋಡು ಬಂತು. ರೈತ, "ಒಣಗೈತಿ ಸಾವ್ಕಾರ್ರೆ, ನಿನ್ನೆ ಪೂರ್ತಿ ಬಿಸಿಲಿಗೆ ಹಾಕಿದ್ವಿ" ಅಂದ. ಮಾವ ಮಾತಾಡಲಿಲ್ಲ. ತೋಳು ಮೇಲೆ ಮಾಡಿ, ಮೊಣಕೈವರೆಗೂ ಕೈಯನ್ನು ಕಾಳಿನೊಳಗೆ ತೂರಿಸಿ, ಸ್ವಲ್ಪ ಹೊತ್ತು ಹಾಗೇ ನಿಂತರು. ಒಂದು ಹಿಡಿ ಕಾಳು ತೆಗೆದು ತೇವ ನೋಡುವ ಮಷಿನ್ನಿಗೆ ಹಾಕಿಸಿದರು. 14ರ ಒಳಗಿರಬೇಕು, 18 ತೋರಿಸಿತು.

"ಮಾವ, ನಿಮ್ಮ ಫೋನಿನೊಳಗೆ ಹೀಗೆ ಕೈ ಹಾಕಿ ನೋಡೋಕೆ ಆಗಲ್ಲ" ಅಂದೆ.

ಭಾನುವಾರ ಫೋಟೊ, ನಂಬರು, ವಾಟ್ಸಾಪ್ ಎಲ್ಲ ನನ್ನ ಹಳೇ ಫೋನಿಗೆ ಸಾಗಿಸಲು ಎರಡು ತಾಸು ಹಿಡಿಯಿತು. ಚಾರ್ಜ್ ಇಳಿಯುವವರೆಗೆ ಕಾದು, ಸ್ವಿಚ್ ಆಫ್ ಮಾಡಿ, ಹಿತ್ತಲಿನ ಕಲ್ಲಿನ ಮೇಲೆ ನೆರಳಲ್ಲಿ ಇಟ್ಟೆವು. ಸೋಮವಾರ ಬೆಳಿಗ್ಗೆ ಮಾವ ಅದನ್ನು ಸರ್ವಿಸ್ ಸೆಂಟರಿಗೆ ಕೊಟ್ಟು ರಸೀದಿ ತಂದರು.