ಅಡ್ಹಿಯರೆನ್ಸ್: ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ತಪ್ಪಿದ ಮಾತ್ರೆಯ ಲೆಕ್ಕ

ಬರೆದುಕೊಟ್ಟ ಔಷಧಿಯನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದ ದಿನ, ಹೇಳಿದಷ್ಟು ಕಾಲ ತೆಗೆದುಕೊಳ್ಳುವುದಕ್ಕೆ ವೈದ್ಯರು ‘ಮೆಡಿಕೇಶನ್ ಅಡ್ಹಿಯರೆನ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ಔಷಧಿ ಪಾಲನೆ ಎನ್ನಬಹುದು. ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಇದನ್ನು ವಿವರಿಸಿದೆ. ರೋಗಿಯೂ ಒಪ್ಪಿಕೊಂಡ ಚಿಕಿತ್ಸೆ ಒಂದು ಕಡೆ, ರೋಗಿ ದಿನಾ ನಿಜವಾಗಿ ಮಾಡುವುದು ಇನ್ನೊಂದು ಕಡೆ. ಇವೆರಡೂ ಎಷ್ಟರ ಮಟ್ಟಿಗೆ ಹೊಂದುತ್ತವೆ ಅನ್ನೋದೇ ಅಡ್ಹಿಯರೆನ್ಸ್. ಮಗು ಹೇಳಿದ ಮಾತು ಕೇಳುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ ಇದಲ್ಲ. ಮಕ್ಕಳ ರಕ್ತದ ಕ್ಯಾನ್ಸರ್ ವಿಷಯದಲ್ಲಂತೂ ಈ ವ್ಯತ್ಯಾಸ ತುಂಬಾ ಮುಖ್ಯ.

ಕ್ಯಾನ್ಸರ್ ಚಿಕಿತ್ಸೆ ಎಂದ ಕೂಡಲೇ ಆಸ್ಪತ್ರೆಯ ಹಾಸಿಗೆ, ಡ್ರಿಪ್ಪು ಕಣ್ಣಮುಂದೆ ಬರುತ್ತವೆ. ಮಕ್ಕಳಲ್ಲಿ ಜಾಸ್ತಿ ಕಾಣುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಅದು ಮೊದಲ ಕೆಲವು ತಿಂಗಳ ಕಥೆ ಮಾತ್ರ. ಒಟ್ಟು ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅದರಲ್ಲಿ ದೊಡ್ಡ ಪಾಲು ‘ಮೈಂಟೆನೆನ್ಸ್’ ಹಂತದ್ದು. ಆಗ ಮಗು ಮನೆಯಲ್ಲೇ ಇರುತ್ತದೆ. ಕೂದಲು ಮತ್ತೆ ಬಂದಿರುತ್ತದೆ, ಎಷ್ಟೋ ಮಕ್ಕಳು ಶಾಲೆಗೂ ಹೋಗುತ್ತಿರುತ್ತಾರೆ. ದಿನಾ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ, ಅಂದರೆ ಎಲ್ಲರೂ 6-ಎಂಪಿ ಎಂದು ಕರೆಯುವ ಔಷಧಿ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಇವೂ ಕೀಮೊಥೆರಪಿಯೇ. ಕೊಡುವವರು ಮಾತ್ರ ನರ್ಸ್ ಬದಲು ಅಪ್ಪ ಅಮ್ಮ.

ಮಗು ಚೆನ್ನಾಗಿ ಆಡಿಕೊಂಡಿರುವಾಗ ಇಷ್ಟು ದಿನ ಮಾತ್ರೆ ಯಾಕೆ ಅನ್ನಿಸುತ್ತದೆ, ಅಲ್ವಾ? 1990ರ ದಶಕದಲ್ಲಿ ಜಪಾನಿನ ವೈದ್ಯರು ಒಟ್ಟು ಚಿಕಿತ್ಸೆಯನ್ನು ಒಂದು ವರ್ಷಕ್ಕೆ ಇಳಿಸಿ ನೋಡಿದ್ದರು. ಅಷ್ಟರಲ್ಲೇ ಗುಣವಾದ ಮಕ್ಕಳು ಇದ್ದರು. ಆದರೆ ಕಾಯಿಲೆ ಮರುಕಳಿಸಿದ ಮಕ್ಕಳ ಸಂಖ್ಯೆ ಹೆಚ್ಚಾಯಿತು. ರಕ್ತ ಪರೀಕ್ಷೆಯಲ್ಲಿ ಕಾಣದಷ್ಟು ಕಡಿಮೆ ಕ್ಯಾನ್ಸರ್ ಕಣಗಳು ಒಳಗೆ ಉಳಿದಿರಬಹುದು. ತಿಂಗಳುಗಟ್ಟಲೆ ಬಿಡದೆ ಸಿಗುವ ಸಣ್ಣ ಡೋಸ್ ಅವು ಮತ್ತೆ ಬೆಳೆಯದಂತೆ ತಡೆಯುತ್ತದೆ.

ಹಾಗಾದರೆ ಎಷ್ಟು ತಪ್ಪಿದರೆ ಜಾಸ್ತಿ? ಅಮೆರಿಕದಲ್ಲಿ ಡಾ. ಸ್ಮಿತಾ ಭಾಟಿಯಾ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನು ಹತ್ತಿದರು. ಮಕ್ಕಳಿಗೆ ಕೊಟ್ಟ 6-ಎಂಪಿ ಬಾಟಲಿಯ ಮುಚ್ಚಳದಲ್ಲಿ ಒಂದು ಚಿಪ್ ಇತ್ತು. ಮುಚ್ಚಳ ತೆರೆದಾಗಲೆಲ್ಲ ತಾರೀಖು, ಸಮಯ ದಾಖಲಾಗುತ್ತಿತ್ತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 95%ಕ್ಕಿಂತ ಕಡಿಮೆ ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಉಳಿದವರಿಗಿಂತ 2.7 ಪಟ್ಟು ಹೆಚ್ಚು.

95% ಅಂದರೆ ಪರೀಕ್ಷೆಯ ಅಂಕದ ಹಾಗೆ ಕೇಳಿಸುತ್ತದೆ. ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. 30 ದಿನದಲ್ಲಿ ಒಂದು ದಿನ ತಪ್ಪಿದರೆ ಸುಮಾರು 97%. ಎರಡು ದಿನ ತಪ್ಪಿದರೆ 93%. ಅಂದರೆ ಪ್ರತಿ ತಿಂಗಳೂ ಎರಡೆರಡು ದಿನ ತಪ್ಪುತ್ತಿದ್ದರೆ ಗೆರೆಯಿಂದ ಕೆಳಗೆ ಬಂದಂತೆ. ಒಂದು ರಾತ್ರಿ ಮರೆತದ್ದಕ್ಕೆ ಯಾವ ಮಗುವಿಗೂ ಕಾಯಿಲೆ ವಾಪಸ್ ಬರುವುದಿಲ್ಲ. ಈ ಲೆಕ್ಕ ತಿಂಗಳುಗಳ ಸರಾಸರಿಯದ್ದು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಒಂದೂ ಮಾತ್ರೆ ತಪ್ಪಿಸದ ಮಕ್ಕಳಲ್ಲೂ ಕಾಯಿಲೆ ಮರುಕಳಿಸುವುದುಂಟು. ಆಗ ಅಪ್ಪ ಅಮ್ಮ ಹಳೆಯ ದಿನಗಳನ್ನೆಲ್ಲ ಕೆದಕಿ ತಮ್ಮ ತಪ್ಪು ಹುಡುಕುತ್ತಾ ಕೂರುತ್ತಾರೆ. ದಯವಿಟ್ಟು ಬೇಡ.

ನನ್ನ ಪ್ರಕಾರ, ಮಾತ್ರೆ ತಪ್ಪುವುದಕ್ಕಿಂತ ದೊಡ್ಡ ಅಪಾಯ ತಪ್ಪಿದ್ದು ಯಾರಿಗೂ ಗೊತ್ತಾಗದೇ ಇರುವುದು. 6-ಎಂಪಿ ಡೋಸ್ ಒಮ್ಮೆ ಬರೆದು ಬಿಟ್ಟುಬಿಡುವಂಥದ್ದಲ್ಲ. ಬ್ಲಡ್ ಕೌಂಟ್ ನೋಡಿ ವೈದ್ಯರು ಅದನ್ನು ಏರಿಸುತ್ತಾ ಇಳಿಸುತ್ತಾ ಇರುತ್ತಾರೆ. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮೈಕ್ರೊಲೀಟರಿಗೆ 500ರಿಂದ 1,500ರ ಆಸುಪಾಸಿನಲ್ಲಿ ಇರಬೇಕೆಂಬುದು ಅನೇಕ ಕಡೆಯ ಗುರಿ. ಈಗ 14 ವರ್ಷದ ಹುಡುಗನೊಬ್ಬ ವಾರಕ್ಕೆ ಮೂರು ದಿನ ಮಾತ್ರೆ ಬಿಡುತ್ತಿದ್ದಾನೆ ಅಂದುಕೊಳ್ಳಿ. ಈ ಔಷಧಿ ಬಿಳಿ ರಕ್ತಕಣಗಳನ್ನು ಇಳಿಸುವಂಥದ್ದು, ಅದನ್ನು ಬಿಟ್ಟಾಗ ಕೌಂಟ್ ಮೇಲೇರುತ್ತದೆ. ‘ಎಲ್ಲ ತಗೊಳ್ತಿದ್ದೀಯಾ?’ ಎಂದು ಡಾಕ್ಟರ್ ಕೇಳಿದರೆ ‘ಹೂಂ’ ಅನ್ನುತ್ತಾನೆ. ಪಕ್ಕದಲ್ಲಿ ಅಮ್ಮ ಇದ್ದಾರಲ್ಲ, ಇನ್ನೇನು ಹೇಳಿಯಾನು? ಈ ಡೋಸ್ ಸಾಲುತ್ತಿಲ್ಲ ಎಂದುಕೊಂಡು ಡಾಕ್ಟರ್ ಏರಿಸುತ್ತಾರೆ. ಒಂದು ದಿನ ಅಮ್ಮನಿಗೆ ವಿಷಯ ಗೊತ್ತಾಗಿ, ಅಂದಿನಿಂದ ಎದುರು ನಿಂತು ನುಂಗಿಸತೊಡಗುತ್ತಾರೆ. ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗುತ್ತದೆ. ಕೌಂಟ್ ಕುಸಿಯುತ್ತದೆ. ಸೋಂಕು ತಗುಲಿ ಜ್ವರ ಬಂದರೆ ಮತ್ತೆ ಆಸ್ಪತ್ರೆಯೇ. ಇಡೀ ಸರಪಳಿಯಲ್ಲಿ ಎಲ್ಲರೂ ಒಳ್ಳೆಯದನ್ನೇ ಬಯಸಿದ್ದರು. ಡಾಕ್ಟರಿಗೆ ಸಿಕ್ಕಿದ ಮಾಹಿತಿ ಮಾತ್ರ ತಪ್ಪಾಗಿತ್ತು.

ಡೋಸ್ ಕಡಿಮೆ ಇದ್ದರೆ ಪಾಲನೆ ಕಡಿಮೆ ಅಂತಲೂ ಅಲ್ಲ. ಟಿಪಿಎಂಟಿ, ಎನ್‌ಯುಡಿಟಿ15 ಎಂಬ ಜೀನ್‌ಗಳಲ್ಲಿ ವ್ಯತ್ಯಾಸ ಇರುವ ಮಕ್ಕಳ ದೇಹ ಈ ಔಷಧಿಯನ್ನು ಬೇಗ ನಿಷ್ಕ್ರಿಯ ಮಾಡಲಾರದು. ಅವರಿಗೆ ಸಣ್ಣ ಡೋಸೇ ಪೂರ್ಣ ಡೋಸ್. ಪಕ್ಕದ ಮಗುವಿನ ಚೀಟಿ ನೋಡಿ ಸುಮ್ನೆ ಹೋಲಿಸಿಕೊಳ್ಳಬಾರದು.

ನಿಜವಾಗಿ ಎಷ್ಟು ಮಾತ್ರೆ ಹೋಗುತ್ತಿದೆ ಅಂತ ತಿಳಿಯುವುದು ಸುಲಭವಲ್ಲ. ಬಾಯಿಮಾತಿನ ಲೆಕ್ಕಕ್ಕೂ ಚಿಪ್ ಮುಚ್ಚಳದ ಲೆಕ್ಕಕ್ಕೂ ತಾಳೆ ನೋಡಿದಾಗ, ಎಷ್ಟೋ ಮನೆಯವರು ತೆಗೆದುಕೊಂಡದ್ದಕ್ಕಿಂತ ಜಾಸ್ತಿ ಹೇಳಿದ್ದು ಕಂಡಿತು. ಬೇಕೆಂದೇ ಸುಳ್ಳು ಹೇಳಿದರು ಅಂತಲ್ಲ. ಹಿಂದಿನ ತಿಂಗಳ ಮಂಗಳವಾರ ಏನಾಯಿತು ಅಂತ ಯಾರಿಗೆ ನೆನಪಿರುತ್ತದೆ? ಮುಚ್ಚಳಕ್ಕೂ ಮಿತಿ ಇದೆ. ಬಾಟಲಿ ತೆರೆದದ್ದು ಗೊತ್ತಾಗುತ್ತದೆ, ನುಂಗಿದ್ದು ಗೊತ್ತಾಗುವುದಿಲ್ಲ. ಕೆಂಪು ರಕ್ತಕಣಗಳಲ್ಲಿ ಔಷಧಿಯಿಂದ ಹುಟ್ಟುವ ವಸ್ತುಗಳನ್ನು ಅಳೆಯುವ ಪರೀಕ್ಷೆಯೊಂದು ಇದೆ. ಅವು ವಾರಗಟ್ಟಲೆ ಸೇರಿ ನಿಲ್ಲುವುದರಿಂದ, ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನುಂಗಿದ ಒಂದು ಮಾತ್ರೆಯಿಂದ ಅಳತೆ ಸರಿಹೋಗುವುದಿಲ್ಲ.

ತಪ್ಪುವುದಕ್ಕೆ ಕಾರಣ ಹೆಚ್ಚಾಗಿ ಬರೀ ಮರೆವು. ಅದರಲ್ಲಿ ಆಶ್ಚರ್ಯವೇನಿಲ್ಲ. 50 ಮಿಲಿಗ್ರಾಂ ಮಾತ್ರೆ ನಾಲ್ಕು ದಿನ ಒಂದೊಂದು, ಮೂರು ದಿನ ಒಂದೂವರೆ ಎಂಬಂಥ ಲೆಕ್ಕ ಚೀಟಿಯಲ್ಲಿರುತ್ತದೆ. ಅದರ ನಡುವೆ ವಾರಕ್ಕೊಂದೇ ದಿನ ಮೆಥೊಟ್ರೆಕ್ಸೇಟ್. ಇದನ್ನು ಗೊತ್ತಿಲ್ಲದೆ ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಾಗಾಗಿ ವಾರದ ಯಾವ ದಿನ ಎಂದು ಚೀಟಿಯಲ್ಲೇ ದೊಡ್ಡದಾಗಿ ಬರೆಸಿಕೊಳ್ಳಿ. ಹಿಂದೆ 6-ಎಂಪಿಯನ್ನು ರಾತ್ರಿ, ಖಾಲಿ ಹೊಟ್ಟೆಯಲ್ಲಿ, ಹಾಲು ಕುಡಿಯದೆ ತಗೋಬೇಕು ಎಂಬ ಕಟ್ಟುನಿಟ್ಟೂ ಇತ್ತು. ಊಟ ಮಾಡುತ್ತಲೇ ನಿದ್ದೆಹೋಗುವ ಮಗುವಿಗೆ ಇದನ್ನು ಪಾಲಿಸುವುದು ಹೇಗೆ? ಅದೇ ಅಮೆರಿಕದ ಅಧ್ಯಯನದಲ್ಲಿ ಊಟ, ಹಾಲು, ಹೊತ್ತು ಯಾವುದಕ್ಕೂ ಕಾಯಿಲೆ ಮರುಕಳಿಸುವುದಕ್ಕೂ ಸಂಬಂಧ ಕಾಣಲಿಲ್ಲ. ನಿಮ್ಮ ವೈದ್ಯರು ಒಪ್ಪಿದರೆ ಮನೆಗೆ ಹೊಂದುವ ಹೊತ್ತನ್ನು ಆರಿಸಿಕೊಳ್ಳಬಹುದು.

ಹನ್ನೆರಡು ದಾಟಿದ ಮಕ್ಕಳಲ್ಲಿ ಪಾಲನೆ ಇಳಿಯುವುದು ಅಧ್ಯಯನಗಳಲ್ಲಿ ಕಾಣುತ್ತದೆ. ದೊಡ್ಡವನಾದ, ತಾನೇ ತಗೊಳ್ತಾನೆ ಎಂದು ಮನೆಯವರು ಕೈ ಬಿಡುವ ವಯಸ್ಸು ಅದು. ಅವನಿಗೋ ವಾಕರಿಕೆ ಸಾಕಾಗಿರುತ್ತದೆ, ಗೆಳೆಯರ ಹಾಗೆ ಇರಬೇಕು ಅನ್ನಿಸಿರುತ್ತದೆ. ಮೊಬೈಲಿಗೆ ಸಂದೇಶ ಕಳಿಸಿ, ಮನೆಯವರು ಎದುರಿಗಿದ್ದು ಮಾತ್ರೆ ಕೊಡುವ ಕ್ರಮವನ್ನು ಅಮೆರಿಕದಲ್ಲಿ ದೊಡ್ಡ ಪ್ರಯೋಗವಾಗಿ ಮಾಡಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಮೊದಲೇ ತುಂಬಾ ತಪ್ಪಿಸುತ್ತಿದ್ದ ಹದಿಹರೆಯದವರಿಗೆ ಸ್ವಲ್ಪ ಉಪಯೋಗವಾದಂತೆ ಕಂಡಿತು. ನೆನಪಿಸಿದರೆ ಮರೆವು ಸರಿಹೋಗಬಹುದು, ವಾಕರಿಕೆ, ಬೇಸರ ಹೋಗುವುದಿಲ್ಲ. ಅವಕ್ಕೆ ಬೇರೆ ಔಷಧಿ, ಬೇರೆ ಮಾತು ಬೇಕು.

ಅದಕ್ಕೇ ಕೇಳುವ ರೀತಿ ಮುಖ್ಯ. ‘ಎಲ್ಲ ತಗೊಂಡ್ಯಾ?’ ಅಂದರೆ ‘ಹೂಂ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ‘ಎಲ್ಲರಿಗೂ ಒಂದೆರಡು ತಪ್ಪುತ್ತೆ, ನಿಂಗೆ ಈ ವಾರ ಎಷ್ಟು ತಪ್ಪಿತು?’ ಎಂದು ಕೇಳಿ ನೋಡಿ. ಸಿಕ್ಕಿದ ಉತ್ತರಕ್ಕೆ ಬೈಯಬೇಡಿ. ತಪ್ಪಿದ್ದನ್ನು ಮರುದಿನ ಎರಡು ಮಾತ್ರೆ ಕೊಟ್ಟು ಸರಿದೂಗಿಸಲೂ ಬೇಡಿ. ನುಂಗಿದ ಮೇಲೆ ವಾಂತಿಯಾದರೆ ಮತ್ತೆ ಕೊಡಬೇಕೋ ಬೇಡವೋ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ನುಂಗಲಾಗದ ಮಗುವಿಗೆ ಮನೆಯಲ್ಲೇ ಪುಡಿ ಮಾಡಬೇಡಿ, ಆ ಪುಡಿ ಮುಟ್ಟಿದವರಿಗೂ ಒಳ್ಳೆಯದಲ್ಲ. ದ್ರವ ರೂಪದ 6-ಎಂಪಿಯೂ ಇದೆ, ಅದರ ಬಗ್ಗೆ ವಿಚಾರಿಸಿ. ತಪ್ಪಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಮುಂದಿನ ಸಲ ಡಾಕ್ಟರ್ ಕೌಂಟ್ ನೋಡಿ ಡೋಸ್ ಬದಲಿಸುವ ಮೊದಲೇ ತೋರಿಸಿ.